ಮೂಳೆ ಗ್ರಾಫ್ಟ್ ಜೊತೆ ಲೇಸರ್ ಬೆಳಕು: ಒಪ್ಪಿಕೊಳ್ಳುವ ಮೊದಲು ಏನು ಕೇಳಬೇಕು, ಆಮೇಲೆ ಹೇಗೆ ನೋಡಿಕೊಳ್ಳಬೇಕು

"ದವಡೆಗೆ ಮೂಳೆ ಪುಡಿ ತುಂಬಿ, ಮೇಲೆ ಲೇಸರ್ ಬೆಳಕು ಕೊಡ್ತೀವಿ ಅಂದಿದಾರೆ ಡಾಕ್ಟ್ರೇ, ಮಾಡಿಸಬಹುದಾ?" ಈಗೀಗ ಈ ಪ್ರಶ್ನೆ ಜಾಸ್ತಿ ಬರುತ್ತಿದೆ. ಹರಿಹರದವರು ಕೇಳುತ್ತಾರೆ, ಚನ್ನಗಿರಿಯವರು ಕೇಳುತ್ತಾರೆ, ಚಿತ್ರದುರ್ಗದ ಕಡೆಯಿಂದಲೂ ಫೋನ್ ಬರುತ್ತದೆ. ಒಬ್ಬೊಬ್ಬರಿಗೂ ಅರ್ಧರ್ಧ ಹೇಳುವ ಬದಲು ಎಲ್ಲ ಒಂದೇ ಕಡೆ ಬರೆದಿಡೋಣ ಅನ್ನಿಸಿತು.

ಚಿಕ್ಕ ಉತ್ತರ ಬೇಕಿದ್ದವರಿಗೆ: ಮಾಡಿಸಬಹುದು. ಸರಿಯಾಗಿ ಕೊಟ್ಟರೆ ಅಪಾಯ ತೀರಾ ಕಡಿಮೆ. ಆದರೆ ಲೇಸರ್ ಅನ್ನೋದು ಇಲ್ಲಿ ಸಣ್ಣ ಸಹಾಯಕ ಅಷ್ಟೇ. ಗ್ರಾಫ್ಟ್ ಹಿಡಿಯುವುದು, ಬಿಡುವುದು ತೀರ್ಮಾನವಾಗುವುದು ನಿಮ್ಮ ಶುಗರ್, ನಿಮ್ಮ ತಂಬಾಕು, ಹೊಲಿಗೆ ಎಷ್ಟು ಬಿಗಿಯಾಗಿ ಮುಚ್ಚಿದೆ, ಗಾಯ ಎಷ್ಟು ಅಲುಗದೆ ಇದೆ ಎನ್ನುವುದರ ಮೇಲೆ. ಲೇಸರ್ ಇದೆಯಲ್ಲ ಅಂತ ಇವುಗಳಲ್ಲಿ ಒಂದನ್ನು ಬಿಟ್ಟರೂ ಬೆಳಕು ನಿಮ್ಮನ್ನು ಕಾಪಾಡುವುದಿಲ್ಲ.

ಉದ್ದ ಉತ್ತರ ಬೇಕಿದ್ದವರು ಮುಂದೆ ಓದಿ.

ಮೊದಲು ಒಂದೆರಡು ಪದ

ಗ್ರಾಫ್ಟ್ ಅಂದರೆ ಮೂಳೆ ಕಡಿಮೆ ಇರುವ ಜಾಗಕ್ಕೆ ತುಂಬುವ ವಸ್ತು. ಹೆಚ್ಚಿನ ಸಲ ಸಣ್ಣ ರವೆಯಂಥ ಕಾಳುಗಳ ರೂಪದಲ್ಲಿ ಬಾಟಲಿಯಲ್ಲಿ ಬರುತ್ತದೆ. ಈ ಕಾಳುಗಳೇ ನಾಳೆ ಮೂಳೆಯಾಗುತ್ತವೆ ಅಂತ ಬಹಳ ಜನ ತಿಳಿದಿದ್ದಾರೆ. ಹಾಗಲ್ಲ. ಹೀರೆ ಬಳ್ಳಿಗೆ ಚಪ್ಪರ ಹಾಕುತ್ತೇವಲ್ಲ, ಗ್ರಾಫ್ಟ್ ಆ ಚಪ್ಪರ. ಬಳ್ಳಿ ನಿಮ್ಮದೇ ದೇಹದಿಂದ ಬರಬೇಕು, ಅಂದರೆ ನಿಮ್ಮ ರಕ್ತನಾಳಗಳು, ನಿಮ್ಮ ಮೂಳೆ ಕಟ್ಟುವ ಜೀವಕೋಶಗಳು ಆ ಕಾಳುಗಳ ಸಂದಿಯಲ್ಲಿ ಹಬ್ಬಬೇಕು.

ಲೇಸರ್ ಅಂದರೆ ಇಲ್ಲಿ ಕತ್ತರಿಸುವ ಲೇಸರ್ ಅಲ್ಲ. ಕಡಿಮೆ ಶಕ್ತಿಯ ಕೆಂಪು ಬೆಳಕು, ಅಥವಾ ಕಣ್ಣಿಗೆ ಕಾಣದ ಅವಗೆಂಪು ಬೆಳಕು. ಇದಕ್ಕೆ ಲೋ ಲೆವೆಲ್ ಲೇಸರ್ ಥೆರಪಿ ಅನ್ನುತ್ತಿದ್ದರು, ಈಗ ಫೋಟೋಬಯೋಮಾಡ್ಯುಲೇಷನ್ ಅನ್ನುತ್ತಾರೆ. ಎರಡೂ ಒಂದೇ. 1967ರ ಸುಮಾರಿಗೆ ಹಂಗೆರಿಯ ಬುಡಾಪೆಸ್ಟ್‌ನಲ್ಲಿ ಎಂಡ್ರೆ ಮೆಸ್ಟರ್ ಎಂಬ ವೈದ್ಯರು ಇಲಿಗಳ ಬೆನ್ನು ಬೋಳಿಸಿ ಲೇಸರ್ ಬೆಳಕು ಬಿಟ್ಟಾಗ ಕೂದಲು ಬೇಗ ಬೆಳೆದದ್ದನ್ನು ನೋಡಿದರು. ಅಲ್ಲಿಂದ ಶುರುವಾದ ವಿಷಯ ಇದು.

ಬೆಳಕು ಮಾಡುವ ಕೆಲಸ ಏನು? ನಮ್ಮ ಜೀವಕೋಶದ ಒಳಗೆ ಮೈಟೋಕಾಂಡ್ರಿಯಾ ಇರುತ್ತದೆ, ಶಕ್ತಿ ತಯಾರಾಗುವ ಜಾಗ. ಅಲ್ಲಿರುವ ಸೈಟೋಕ್ರೋಮ್ ಸಿ ಆಕ್ಸಿಡೇಸ್ ಎಂಬ ಕಿಣ್ವ ಕೆಂಪು ಮತ್ತು ಅವಗೆಂಪು ಬೆಳಕನ್ನು ಹೀರಿಕೊಳ್ಳುತ್ತದೆ. ಆಗ ಕೋಶದ ಶಕ್ತಿ ಉತ್ಪಾದನೆ ಸ್ವಲ್ಪ ಚುರುಕಾಗುತ್ತದೆ, ರಕ್ತ ಓಡಾಟ ಸುಧಾರಿಸುತ್ತದೆ, ಊತ ಮತ್ತು ನೋವಿನ ರಾಸಾಯನಿಕಗಳು ತಗ್ಗುತ್ತವೆ ಅನ್ನುವುದು ಈಗಿನ ಮುಖ್ಯ ವಿವರಣೆ.

ಇಲ್ಲೇ ಒಂದು ಮಾತು ಗಮನಿಸಿ. ಗ್ರಾಫ್ಟ್ ಕಾಳಿನಲ್ಲಿ ಜೀವ ಇಲ್ಲ. ಬಾಟಲಿಯಿಂದ ಬಂದ ಪುಡಿಗೆ ಬೆಳಕು ಬಿಟ್ಟರೆ ಏನೂ ಆಗುವುದಿಲ್ಲ. ಬೆಳಕು ಕೆಲಸ ಮಾಡುವುದು ನಿಮ್ಮ ಕೋಶಗಳ ಮೇಲೆ, ಅದೂ ಅವು ಗಾಯದ ಜಾಗಕ್ಕೆ ಬಂದು ಸೇರುವ ಶುರುವಿನ ದಿನಗಳಲ್ಲಿ. ಮುಂದೆ ಹೇಳುವ ಅರ್ಧ ಸಲಹೆಗಳಿಗೆ ಕಾರಣ ಇದೇ.

ಹಂತ 1: ಗ್ರಾಫ್ಟ್ ನಿಮಗೆ ಬೇಕೇ ಬೇಕಾ ಅಂತ ಖಚಿತ ಮಾಡಿಕೊಳ್ಳಿ

ಹಲ್ಲು ಕಿತ್ತ ಮೇಲೆ ಆ ಜಾಗದ ಮೂಳೆ ಕರಗುತ್ತದೆ. 2003ರಲ್ಲಿ ಪ್ರಕಟವಾದ ಡೆನ್ಮಾರ್ಕ್‌ನ ಒಂದು ಅಧ್ಯಯನದಲ್ಲಿ ದವಡೆಯ ಹಿಂಭಾಗದ ಹಲ್ಲು ಕಿತ್ತ ಜಾಗ ಒಂದು ವರ್ಷದಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಅಗಲ ಕಳೆದುಕೊಂಡಿತ್ತು, ಅದರಲ್ಲಿ ಮೂರನೇ ಎರಡು ಪಾಲು ಮೊದಲ 3 ತಿಂಗಳಲ್ಲೇ. ಹಾಗಾಗಿ ಇಂಪ್ಲಾಂಟ್, ಅಂದರೆ ಕೃತಕ ಹಲ್ಲು ಕೂರಿಸಲು ಮೂಳೆಗೆ ಹಾಕುವ ತಿರುಪು, ಹಾಕಿಸುವ ಯೋಚನೆ ಇದ್ದರೆ ಹಲ್ಲು ಕೀಳಿಸುವ ದಿನವೇ ಕೇಳಿ. "ಆಮೇಲೆ ನೋಡೋಣ ಬಿಡಿ" ಅಂತ ಎರಡು ವರ್ಷ ಬಿಟ್ಟು ಬಂದರೆ ಸಣ್ಣದರಲ್ಲಿ ಮುಗಿಯುತ್ತಿದ್ದ ಕೆಲಸ ದೊಡ್ಡದಾಗುತ್ತದೆ.

ಎಲ್ಲರಿಗೂ ಗ್ರಾಫ್ಟ್ ಬೇಕಾಗಿಲ್ಲ. ಸೇತುವೆ ಹಲ್ಲು, ಅಂದರೆ ಬ್ರಿಜ್, ಹಾಕಿಸಿಕೊಳ್ಳುವವರಿಗೆ, ಅಥವಾ ತೆಗೆದು ಹಾಕುವ ಸೆಟ್ ಸಾಕು ಅನ್ನುವವರಿಗೆ ಅನೇಕ ಸಲ ಇದರ ಅಗತ್ಯವೇ ಬರುವುದಿಲ್ಲ. ಇಂಪ್ಲಾಂಟ್‌ಗೆ ಆದರೆ ಸಿಬಿಸಿಟಿ ಅಂತ ಮೂರು ಆಯಾಮದ ಎಕ್ಸ್‌ರೇ ತೆಗೆಸಿ, ಮೂಳೆಯ ಅಗಲ ಮತ್ತು ಎತ್ತರ ಎಷ್ಟು ಮಿಲಿಮೀಟರ್ ಇದೆ ಅಂತ ಪರದೆಯ ಮೇಲೆ ತೋರಿಸಲು ಹೇಳಿ. ಅಳತೆ ತೋರಿಸದೆ "ಮೂಳೆ ಕಮ್ಮಿ ಇದೆ" ಅಂದರೆ ಒಪ್ಪಬೇಡಿ.

ಹಂತ 2: ಯಾವ ಗ್ರಾಫ್ಟ್ ಅಂತ ಬಾಯಿಬಿಟ್ಟು ಕೇಳಿ

ಇದನ್ನು ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ. ಯಾಕೆಂದರೆ ನಮ್ಮ ಕಡೆ ಇದನ್ನು ಯಾರೂ ಕೇಳುವುದಿಲ್ಲ, ಆಪರೇಷನ್ ಆದ ಮೇಲೆ ಯಾರೋ ಹೇಳಿದಾಗ ಮನಸ್ಸು ಕೆಡಿಸಿಕೊಳ್ಳುತ್ತಾರೆ.

ಗ್ರಾಫ್ಟ್ ನಾಲ್ಕು ಬಗೆ. ಒಂದು, ನಿಮ್ಮದೇ ಮೂಳೆ: ಗಲ್ಲದಿಂದ, ಕೆಳದವಡೆಯ ಹಿಂಭಾಗದಿಂದ, ದೊಡ್ಡ ಕೆಲಸವಾದರೆ ಸೊಂಟದ ಮೂಳೆಯಿಂದ ತೆಗೆಯುತ್ತಾರೆ. ಇದರಲ್ಲಿ ಜೀವಂತ ಕೋಶಗಳೂ ಇರುತ್ತವೆ, ಈಗಲೂ ಇದನ್ನೇ ಉತ್ತಮ ಅನ್ನುತ್ತಾರೆ. ಕಷ್ಟ ಏನೆಂದರೆ ಇನ್ನೊಂದು ಕಡೆ ಗಾಯ. ಎರಡು, ದಾನಿಯ ಮೂಳೆ: ತೀರಿಕೊಂಡವರು ದಾನ ಮಾಡಿದ ಮೂಳೆಯನ್ನು ಸಂಸ್ಕರಿಸಿ ಒಣಗಿಸಿ ಕೊಡುವುದು. ಮೂರು, ಪ್ರಾಣಿಯ ಮೂಳೆ: ಹೆಚ್ಚಾಗಿ ದನದ್ದು, ಕೆಲವು ಹಂದಿಯದ್ದು. ಇದರ ಜೈವಿಕ ಭಾಗವನ್ನೆಲ್ಲ ತೆಗೆದು ಖನಿಜದ ಜಾಲರಿ ಮಾತ್ರ ಉಳಿಸಿರುವ ಬಗೆಯೇ ಹೆಚ್ಚು ಬಳಕೆಯಲ್ಲಿದೆ. ಪ್ರಪಂಚದಲ್ಲಿ ತುಂಬಾ ಅಧ್ಯಯನ ಆಗಿರುವ ವಸ್ತುಗಳಲ್ಲಿ ಇದೂ ಒಂದು. ನಾಲ್ಕು, ಕೃತಕ: ಹೈಡ್ರಾಕ್ಸಿಅಪಟೈಟ್, ಬೀಟಾ ಟ್ರೈಕ್ಯಾಲ್ಸಿಯಂ ಫಾಸ್ಫೇಟ್, ಬಯೋಆಕ್ಟಿವ್ ಗ್ಲಾಸ್. ಇವು ಕಾರ್ಖಾನೆಯಲ್ಲಿ ತಯಾರಾಗುವಂಥವು.

ದನ, ಹಂದಿ ಅಂದ ತಕ್ಷಣ ಕೆಲವರ ಮುಖ ಬದಲಾಗುತ್ತದೆ, ಅದು ಸಹಜ. ಶುದ್ಧ ಸಸ್ಯಾಹಾರಿ ಮನೆಯವರಿರಬಹುದು, ಮುಸ್ಲಿಂ ಕುಟುಂಬದವರಿರಬಹುದು. ನಿಮಗೆ ಬೇಡ ಅನ್ನಿಸಿದರೆ ಮೊದಲೇ ಹೇಳಿ, ಸಂಕೋಚ ಬೇಡ. ಕೃತಕದ್ದು ಇದೆ, ನಿಮ್ಮದೇ ಮೂಳೆಯೂ ಇದೆ. ಆದರೆ ಗ್ರಾಫ್ಟ್ ಒಂದನ್ನೇ ಕೇಳಿ ಸುಮ್ಮನಾಗಬೇಡಿ. ಅದರ ಮೇಲೆ ಮುಚ್ಚುವ ತೆಳು ಪೊರೆ, ಮೆಂಬ್ರೇನ್ ಅನ್ನುತ್ತಾರೆ, ಅದೂ ಬಹಳ ಸಲ ದನದ ಅಥವಾ ಹಂದಿಯ ಕೊಲಾಜೆನ್‌ನದ್ದೇ. ರಕ್ತ ನಿಲ್ಲಿಸಲು ಇಡುವ ಸ್ಪಂಜು ಜೆಲಾಟಿನ್‌ನದ್ದು, ಕ್ಯಾಟ್‌ಗಟ್ ಹೊಲಿಗೆಯೂ ಪ್ರಾಣಿಯ ಕರುಳಿನದ್ದು. (ರೇಷ್ಮೆ ದಾರದ ಹೊಲಿಗೆ ಹಾಕುವಾಗ ಯಾರೂ ಹುಳುವಿನ ಬಗ್ಗೆ ಕೇಳಿದ್ದು ನನಗೆ ಗೊತ್ತಿಲ್ಲ, ಇರಲಿ.) ಇವೆಲ್ಲಕ್ಕೂ ಪರ್ಯಾಯ ಇದೆ, ಆದರೆ ತರಿಸಲು ಒಂದೆರಡು ದಿನ ಬೇಕಾಗಬಹುದು. ಆಪರೇಷನ್ ಕುರ್ಚಿಯಲ್ಲಿ ಮಲಗಿ ಕೇಳಿದರೆ ಆಗುವುದಿಲ್ಲ.

ಇದರ ಜೊತೆ ಪಿಆರ್‌ಎಫ್ ಅಂತ ಇನ್ನೊಂದು ಹೆಸರು ಕೇಳಿರುತ್ತೀರಿ. ನಿಮ್ಮ ತೋಳಿನಿಂದ ರಕ್ತ ತೆಗೆದು, ಹೆಪ್ಪುಗಟ್ಟದಂತೆ ಮಾಡುವ ಯಾವ ಔಷಧವನ್ನೂ ಸೇರಿಸದೆ, ತಕ್ಷಣ ಯಂತ್ರದಲ್ಲಿ ತಿರುಗಿಸಿದರೆ ಒಂದು ಹಳದಿ ಜೆಲ್ಲಿ ಸಿಗುತ್ತದೆ. ಅದೇ ಪಿಆರ್‌ಎಫ್. ಫ್ರಾನ್ಸ್‌ನ ಜೋಸೆಫ್ ಶುಕ್ರೂನ್ 2001ರಲ್ಲಿ ಪರಿಚಯಿಸಿದ ವಿಧಾನ ಇದು. ಕೃತಕ ಕಾಳುಗಳ ಜೊತೆ ಇದನ್ನು ಕಲಸಿದರೆ ಕಾಳುಗಳು ಚೆದುರದೆ ಒಂದಕ್ಕೊಂದು ಅಂಟಿಕೊಂಡು ನಿಲ್ಲುತ್ತವೆ, ಇದನ್ನೇ ಒತ್ತಿ ಪೊರೆಯಾಗಿಯೂ ಬಳಸಬಹುದು. ನಿಮ್ಮದೇ ರಕ್ತ, ಪ್ರಾಣಿಯ ವಸ್ತುವಿನ ಚಿಂತೆ ಇಲ್ಲ. ಲೇಸರ್ ಅಥವಾ ಪಿಆರ್‌ಎಫ್ ಎರಡರಲ್ಲಿ ಒಂದಕ್ಕೆ ಮಾತ್ರ ದುಡ್ಡು ಇದೆ ಅಂದರೆ ನಾನಾದರೆ ಪಿಆರ್‌ಎಫ್ ಕೇಳುತ್ತೇನೆ.

ಬಾಟಲಿಯ ಮೇಲೆ ಅಂಟಿಸಿಕೊಳ್ಳುವ ಚೀಟಿ ಇರುತ್ತದೆ: ಹೆಸರು, ಬ್ಯಾಚ್ ನಂಬರ್, ಅವಧಿ ಮುಗಿಯುವ ದಿನ. ಅದನ್ನು ನಿಮ್ಮ ಫೈಲ್‌ಗೆ ಅಂಟಿಸಲು ಹೇಳಿ. ಐದು ವರ್ಷದ ಮೇಲೆ ಬೇರೆ ಊರಿನ ಡಾಕ್ಟರ್ ಕೇಳಿದಾಗ ಆ ಚೀಟಿ ಬೆಲೆ ಗೊತ್ತಾಗುತ್ತದೆ.

ಹಂತ 3: ನಿಮ್ಮ ಕಡೆಯ ತಯಾರಿ

ಶುಗರ್ ಇದ್ದರೆ ಎಚ್‌ಬಿಎ1ಸಿ ಮಾಡಿಸಿ. ಕಳೆದ ಮೂರು ತಿಂಗಳ ಸರಾಸರಿ ಶುಗರ್ ಹೇಳುವ ರಕ್ತ ಪರೀಕ್ಷೆ ಅದು. 7ರ ಆಸುಪಾಸಿನಲ್ಲಿದ್ದರೆ ನೆಮ್ಮದಿ. 9, 10 ಇದ್ದರೆ ಮೊದಲು ಅದನ್ನು ಇಳಿಸಿ, ಗ್ರಾಫ್ಟ್ ಎಲ್ಲಿಗೂ ಓಡಿಹೋಗುವುದಿಲ್ಲ. ಬೆಳಗ್ಗೆ ಒಂದು ದಿನ ಖಾಲಿ ಹೊಟ್ಟೆಯಲ್ಲಿ ನೋಡಿದ ಶುಗರ್ ತೋರಿಸಿ "ನಾರ್ಮಲ್ ಇದೆ" ಅನ್ನುವುದು ನಮಗೆ ನಾವೇ ಮೋಸ ಮಾಡಿಕೊಂಡಂತೆ.

ತಂಬಾಕು. ಸಿಗರೇಟು, ಬೀಡಿ, ಗುಟ್ಕಾ, ಕಡ್ಡಿಪುಡಿ, ಎಲೆ ಅಡಿಕೆ ಜೊತೆಗಿನ ಹೊಗೆಸೊಪ್ಪು, ಎಲ್ಲ ಸೇರಿ. ನಿಕೋಟಿನ್ ರಕ್ತನಾಳ ಕುಗ್ಗಿಸುತ್ತದೆ. ರಕ್ತ ಬರದ ಜಾಗಕ್ಕೆ ಮೂಳೆ ಬರುವುದಿಲ್ಲ. ಬೆಳಕು ಕೊಟ್ಟು ರಕ್ತ ಓಡಾಟ ಜಾಸ್ತಿ ಮಾಡಿ, ಹೊರಗೆ ಬಂದು ಬೀಡಿ ಹಚ್ಚಿ ಅದನ್ನೇ ಕಡಿಮೆ ಮಾಡಿಕೊಂಡರೆ ಏನು ಬಂತು? ಕನಿಷ್ಠ ಒಂದೆರಡು ವಾರ ಮೊದಲು ನಿಲ್ಲಿಸಿ, ಆಮೇಲೆ ಎರಡು ತಿಂಗಳಾದರೂ ಮುಟ್ಟಬೇಡಿ, ಪೂರ್ತಿ ಬಿಟ್ಟರೆ ಇನ್ನೂ ಒಳ್ಳೆಯದು. ನಮ್ಮದು ಅಡಿಕೆ ಸೀಮೆ, ಚನ್ನಗಿರಿ ಕಡೆಯವರಿಗೆ ಈ ಮಾತು ಕಹಿ ಅನ್ನಿಸಬಹುದು, ಆದರೆ ಬರೀ ಅಡಿಕೆಯೂ ತೊಂದರೆಯೇ. ವರ್ಷಗಟ್ಟಲೆ ಅಡಿಕೆ ಜಗಿದವರಲ್ಲಿ ಕೆನ್ನೆಯ ಒಳಚರ್ಮ ಗಟ್ಟಿಯಾಗಿ ಬಾಯಿ ಪೂರ್ತಿ ತೆರೆಯುವುದಿಲ್ಲ. ಮೂರು ಬೆರಳು ಉದ್ದಕ್ಕೆ ನಿಲ್ಲಿಸಿ ಬಾಯೊಳಗೆ ಹಿಡಿಯದಿದ್ದರೆ ಮೊದಲು ಅದನ್ನು ತೋರಿಸಿ. ಹಿಂದಿನ ದವಡೆಗೆ ಉಪಕರಣ ಹೋಗಬೇಕಲ್ಲ, ಲೇಸರ್ ತುದಿಯೂ ಹೋಗಬೇಕಲ್ಲ.

ಮಾತ್ರೆಗಳು. ನೀವು ನುಂಗುವ ಎಲ್ಲ ಮಾತ್ರೆಯ ಪಟ್ಟಿ ಒಯ್ಯಿರಿ. ಮೂಳೆ ಸವೆತಕ್ಕೆ ಅಂತ ಕೊಡುವ ಅಲೆಂಡ್ರೊನೇಟ್, ವರ್ಷಕ್ಕೊಮ್ಮೆ ಹಾಕುವ ಜೋಲೆಡ್ರೋನಿಕ್ ಆಸಿಡ್ ಇಂಜೆಕ್ಷನ್, ಡೆನೊಸುಮ್ಯಾಬ್ ಇವು ಮುಖ್ಯ. ಇವನ್ನು ತೆಗೆದುಕೊಳ್ಳುವ ಕೆಲವರಲ್ಲಿ ದವಡೆಯ ಮೂಳೆ ಗಾಯವಾದ ಮೇಲೆ ಮಾಯದೆ ಸಾಯುವ ಅಪಾಯ ಇದೆ, ಕ್ಯಾನ್ಸರ್‌ಗೆ ಅಂತ ದೊಡ್ಡ ಪ್ರಮಾಣದಲ್ಲಿ ಕೊಟ್ಟಿದ್ದರೆ ಜಾಸ್ತಿ. ಇಂಜೆಕ್ಷನ್ ಆಗಿ ಆರು ತಿಂಗಳಾದರೂ ಹೇಳಿ. ರಕ್ತ ತೆಳುವಾಗುವ ಮಾತ್ರೆ ಇದ್ದರೂ ಹೇಳಿ, ಆದರೆ ಯಾರನ್ನೂ ಕೇಳದೆ ನೀವೇ ನಿಲ್ಲಿಸಬೇಡಿ. ಹಲ್ಲಿನ ಕೆಲಸಕ್ಕೆ ಅಂತ ಹೃದಯದ ಮಾತ್ರೆ ಬಿಟ್ಟು ಕೂರುವುದು ಗ್ರಾಫ್ಟ್ ಹೋಗುವುದಕ್ಕಿಂತ ದೊಡ್ಡ ಅನಾಹುತ.

ಮುಖ ಅಥವಾ ಕುತ್ತಿಗೆಗೆ ಕರೆಂಟ್ ಕೊಟ್ಟಿದ್ದರೆ, ಅಂದರೆ ರೇಡಿಯೇಷನ್ ಆಗಿದ್ದರೆ, ಆ ಜಾಗದಲ್ಲಿ ಈಗ ಅಥವಾ ಹಿಂದೆ ಗಡ್ಡೆ ಇದ್ದರೆ ಮೊದಲೇ ಹೇಳಲೇಬೇಕು. ಕೋಶಗಳನ್ನು ಚುರುಕು ಮಾಡುವ ಬೆಳಕನ್ನು ಗಡ್ಡೆ ಇರುವ ಜಾಗದ ಮೇಲೆ ಬಿಡುವುದಿಲ್ಲ.

ಹಂತ 4: ಲೇಸರ್ ಬಗ್ಗೆ ಕೇಳಬೇಕಾದ್ದು

ಮೊದಲು ಪುರಾವೆ ಎಷ್ಟಿದೆ ಅಂತ ನೇರವಾಗಿ ಹೇಳಿಬಿಡುತ್ತೇನೆ. ಗ್ರಾಫ್ಟ್ ಜೊತೆ ಬೆಳಕು ಕೊಟ್ಟ ಅಧ್ಯಯನಗಳಲ್ಲಿ ಹೆಚ್ಚಿನವು ಇಲಿ, ಮೊಲಗಳ ಮೇಲೆ ಆದವು, ಬ್ರೆಜಿಲ್‌ನಲ್ಲಿ ಬಹಳಷ್ಟು ಆಗಿವೆ. ಇಲಿಯ ತಲೆಬುರುಡೆ ಅಥವಾ ತೊಡೆ ಮೂಳೆಯಲ್ಲಿ ಸಣ್ಣ ತೂತು ಮಾಡಿ, ಗ್ರಾಫ್ಟ್ ತುಂಬಿ, ಕೆಲವಕ್ಕೆ ಬೆಳಕು ಕೊಟ್ಟು ಹೋಲಿಸುತ್ತಾರೆ. ಬೆಳಕು ಬಿದ್ದ ಕಡೆ ಹೊಸ ಮೂಳೆ ಬೇಗ, ಜಾಸ್ತಿ ಬಂದಿದ್ದು ಅನೇಕ ಅಧ್ಯಯನಗಳಲ್ಲಿ ಕಂಡಿದೆ. ಎಲ್ಲದರಲ್ಲೂ ಅಲ್ಲ. ಆದರೆ ಇಲಿಯ ಮೂಳೆ ತೆಳು, ಬೆಳಕು ಸಲೀಸಾಗಿ ಒಳಗೆ ಹೋಗುತ್ತದೆ, ಗಾಯವೂ ಬೇಗ ಮಾಯುತ್ತದೆ. ಮನುಷ್ಯರ ಮೇಲಿನ ಪ್ರಯೋಗಗಳು ಚಿಕ್ಕವು, ಒಬ್ಬೊಬ್ಬರು ಒಂದೊಂದು ಅಳತೆಯಲ್ಲಿ ಬೆಳಕು ಕೊಟ್ಟಿದ್ದಾರೆ, ಫಲಿತಾಂಶವೂ ಒಂದೇ ಥರ ಇಲ್ಲ. ಇದೇ ಬೆಳಕಿಗೆ ಗಟ್ಟಿ ಪುರಾವೆ ಇರುವ ಬೇರೆ ಜಾಗ ಇದೆ: ಕ್ಯಾನ್ಸರ್ ಚಿಕಿತ್ಸೆಯಲ್ಲಿ ಬಾಯಿ ಹುಣ್ಣಾಗದಂತೆ ತಡೆಯುವುದು. ಅದಕ್ಕೆ ಅಂತರರಾಷ್ಟ್ರೀಯ ಮಾರ್ಗಸೂಚಿಗಳೇ ಶಿಫಾರಸು ಮಾಡುತ್ತವೆ. ಮೂಳೆಯ ವಿಷಯದಲ್ಲಿ ಅಷ್ಟು ದೂರ ಇನ್ನೂ ಬಂದಿಲ್ಲ.

ಹಾಗಾಗಿ "ಲೇಸರ್ ಕೊಟ್ಟರೆ ಆರು ತಿಂಗಳ ಕೆಲಸ ಎರಡು ತಿಂಗಳಲ್ಲಿ ಮುಗಿಯುತ್ತೆ" ಅಂತ ಯಾರಾದರೂ ಅಂದರೆ ಎದ್ದು ಬನ್ನಿ.

ಈಗ ಪ್ರಶ್ನೆಗಳು. ಯಂತ್ರ ಯಾವ ತರಂಗಾಂತರದ್ದು ಅಂತ ಕೇಳಿ. ತರಂಗಾಂತರ ಅಂದರೆ ಬೆಳಕಿನ ಬಣ್ಣದ ಅಳತೆ, ನ್ಯಾನೋಮೀಟರ್‌ನಲ್ಲಿ ಹೇಳುತ್ತಾರೆ. 630ರಿಂದ 680ರವರೆಗೆ ಕೆಂಪು, ಇದು ಮೇಲಿನ ವಸಡಿಗೆ ಸಾಕು. ಮೂಳೆಯ ತನಕ ಹೋಗಬೇಕಾದರೆ 780ರಿಂದ 980ರ ನಡುವಿನ ಅವಗೆಂಪು ಬೇಕು, 808, 810, 830 ಸಾಮಾನ್ಯವಾಗಿ ಕೇಳಿಬರುವ ಸಂಖ್ಯೆಗಳು.

ಎಷ್ಟು ಡೋಸ್ ಅಂತ ಕೇಳಿ. ಇಲ್ಲಿ ಒಂದು ಲೆಕ್ಕ ತಿಳಿದಿರಲಿ, ಕಷ್ಟದ್ದೇನಲ್ಲ. ಯಂತ್ರದ ಶಕ್ತಿಯನ್ನು ವ್ಯಾಟ್‌ನಲ್ಲಿ, ಸಮಯವನ್ನು ಸೆಕೆಂಡ್‌ನಲ್ಲಿ ತೆಗೆದುಕೊಂಡು ಗುಣಿಸಿದರೆ ಜೌಲ್ ಸಿಗುತ್ತದೆ. 100 ಮಿಲಿವ್ಯಾಟ್ ಅಂದರೆ 0.1 ವ್ಯಾಟ್. ಅದನ್ನು 40 ಸೆಕೆಂಡ್ ಹಿಡಿದರೆ 4 ಜೌಲ್. ಇದನ್ನು ಬೆಳಕು ಬೀಳುವ ಜಾಗದ ವಿಸ್ತೀರ್ಣದಿಂದ ಭಾಗಿಸಿದರೆ ಚದರ ಸೆಂಟಿಮೀಟರ್‌ಗೆ ಎಷ್ಟು ಜೌಲ್ ಅಂತ ಗೊತ್ತಾಗುತ್ತದೆ. ಜಾಗ ಅರ್ಧ ಚದರ ಸೆಂಟಿಮೀಟರ್ ಇದ್ದರೆ ಅದೇ 4 ಜೌಲ್, ಚದರ ಸೆಂಟಿಮೀಟರ್‌ಗೆ 8 ಆಯಿತು. ಒಬ್ಬರು 4 ಅನ್ನುತ್ತಾರೆ, ಇನ್ನೊಬ್ಬರು 8 ಅನ್ನುತ್ತಾರೆ, ಕೊಟ್ಟಿದ್ದು ಒಂದೇ. ಹಾಗಾಗಿ ಸಂಖ್ಯೆ ಹೇಳಿದಾಗ ಒಟ್ಟು ಜೌಲಾ, ಚದರ ಸೆಂಟಿಮೀಟರ್‌ಗಾ ಅಂತ ಕೇಳಿ ಬರೆಸಿಕೊಳ್ಳಿ.

ಜಾಸ್ತಿ ಕೊಟ್ಟರೆ ಜಾಸ್ತಿ ಲಾಭ ಅಂತ ತಿಳಿಯಬೇಡಿ. ಈ ಬೆಳಕಿನ ವಿಚಿತ್ರ ಏನೆಂದರೆ ಕಡಿಮೆ ಆದರೆ ಏನೂ ಆಗುವುದಿಲ್ಲ, ಒಂದು ಮಿತಿಯಲ್ಲಿ ಕೋಶ ಚುರುಕಾಗುತ್ತದೆ, ಮಿತಿ ದಾಟಿದರೆ ಅದೇ ಕೋಶ ಮಂಕಾಗುತ್ತದೆ. "ಇನ್ನೊಂದೈದು ನಿಮಿಷ ಹಿಡೀರಿ ಡಾಕ್ಟ್ರೇ, ಅಷ್ಟು ದೂರದಿಂದ ಬಂದಿದೀನಿ" ಅಂತ ದಯವಿಟ್ಟು ಒತ್ತಾಯ ಮಾಡಬೇಡಿ.

ಅದೇ ಯಂತ್ರ ವಸಡು ಕತ್ತರಿಸಲೂ ಬಳಕೆಯಾಗುತ್ತದಾ ಅಂತ ಕೇಳಿ. ಬಹಳ ಕ್ಲಿನಿಕ್‌ಗಳಲ್ಲಿ ಇರುವುದು 810 ಅಥವಾ 980ರ ಡಯೋಡ್ ಲೇಸರ್, ಮುಖ್ಯವಾಗಿ ಕತ್ತರಿಸಲು ತಂದದ್ದು. ಶಕ್ತಿ ಇಳಿಸಿ, ಅಗಲವಾದ ಬೇರೆ ಹಿಡಿಕೆ ಹಾಕಿ ಬೆಳಕು ಕೊಡಲು ಅದನ್ನೇ ಬಳಸಬಹುದು, ತಪ್ಪಿಲ್ಲ. ಆದರೆ ಕತ್ತರಿಸುವ ಸಣ್ಣ ಎಳೆಯಂಥ ತುದಿಯಲ್ಲೇ ಬೆಳಕು ಕೊಡಲು ಬಂದರೆ ಬೇಡ ಅನ್ನಿ. ಸರಿಯಾಗಿ ಕೊಟ್ಟಾಗ ನಿಮಗೆ ಏನೂ ಗೊತ್ತಾಗಬಾರದು, ಹೆಚ್ಚೆಂದರೆ ಸ್ವಲ್ಪ ಬೆಚ್ಚಗೆ ಅನ್ನಿಸಬಹುದು. ಸುಟ್ಟಂತಾದರೆ ಕೈ ಎತ್ತಿ.

ಬಾಯೊಳಗಿಂದ ಕೊಡುತ್ತಾರಾ, ಕೆನ್ನೆಯ ಹೊರಗಿಂದಲಾ? ಸಾಧ್ಯವಾದರೆ ಒಳಗಿಂದಲೇ. ಚರ್ಮದ ಕಪ್ಪು ಬಣ್ಣಕ್ಕೆ ಕಾರಣವಾದ ಮೆಲನಿನ್ ಬೆಳಕನ್ನು ಹೀರುತ್ತದೆ, ಗಡ್ಡವೂ ಅಡ್ಡ ಬರುತ್ತದೆ. ನಮ್ಮ ಮೈಬಣ್ಣದವರಿಗೆ ವಿದೇಶದ ಕೈಪಿಡಿಯ ಲೆಕ್ಕ ಹೊರಗಿಂದ ಹಾಗೇ ಹೊಂದುವುದಿಲ್ಲ.

ಕೊನೆಗೆ ದುಡ್ಡು. ಗ್ರಾಫ್ಟ್, ಮೆಂಬ್ರೇನ್, ಲೇಸರ್, ಇಂಪ್ಲಾಂಟ್ ಎಲ್ಲಕ್ಕೂ ಬೇರೆ ಬೇರೆ ಬರೆದ ಎಸ್ಟಿಮೇಟ್ ಕೇಳಿ. ಲೇಸರ್ ಬೇಡ ಅಂದರೆ ಎಷ್ಟು ಕಡಿಮೆಯಾಗುತ್ತದೆ ಅಂತಲೂ ಕೇಳಿ. ದಾವಣಗೆರೆಯಲ್ಲಿ ಬಾಪೂಜಿ ಡೆಂಟಲ್ ಕಾಲೇಜು ಮತ್ತು ಕಾಲೇಜ್ ಆಫ್ ಡೆಂಟಲ್ ಸೈನ್ಸಸ್ ಇವೆ, ಚಿತ್ರದುರ್ಗದಲ್ಲಿ ಎಸ್‌ಜೆಎಂ ಡೆಂಟಲ್ ಕಾಲೇಜು ಇದೆ. ಕಾಲೇಜು ಆಸ್ಪತ್ರೆ ಅಂದರೆ ಮೇಷ್ಟ್ರ ಉಸ್ತುವಾರಿಯಲ್ಲಿ ಪಿಜಿ ವಿದ್ಯಾರ್ಥಿಗಳು ಮಾಡುತ್ತಾರೆ, ಸಮಯ ಹಿಡಿಯುತ್ತದೆ, ಖರ್ಚು ಸಾಮಾನ್ಯವಾಗಿ ಕಡಿಮೆ. ಪೆರಿಯೋಡಾಂಟಿಕ್ಸ್ ಅಂದರೆ ವಸಡಿನ ವಿಭಾಗ, ಇಲ್ಲವೇ ಓರಲ್ ಸರ್ಜರಿ ವಿಭಾಗದಲ್ಲಿ ವಿಚಾರಿಸಿ. ಬೆಳಕಿನ ಚಿಕಿತ್ಸೆ ಈಗ ನಡೆಯುತ್ತಿದೆಯಾ ಅಂತ ಫೋನ್ ಮಾಡಿ ಕೇಳಿಕೊಂಡೇ ಬಸ್ ಹತ್ತಿ. ಆರೋಗ್ಯ ವಿಮೆ ಇದ್ದವರು ಪಾಲಿಸಿ ಓದಿ, ಅಪಘಾತ ಬಿಟ್ಟರೆ ಹಲ್ಲಿನ ಕೆಲಸವನ್ನು ಹೆಚ್ಚಿನ ಪಾಲಿಸಿಗಳು ಹೊರಗಿಡುತ್ತವೆ.

ಹಂತ 5: ಆಪರೇಷನ್ ದಿನ

ತಿಂಡಿ ತಿಂದು ಹೋಗಿ, ಬರೀ ಮರಗಟ್ಟಿಸುವ ಇಂಜೆಕ್ಷನ್ ಆದರೆ ಉಪವಾಸ ಬೇಕಿಲ್ಲ. ಜೊತೆಗೆ ಒಬ್ಬರಿರಲಿ. ಕೆಲವರು ಗ್ರಾಫ್ಟ್ ತುಂಬುವ ಮೊದಲು ಗುಂಡಿಯೊಳಗೇ ಒಂದು ಸಲ ಬೆಳಕು ಕೊಡುತ್ತಾರೆ, ಹೊಲಿಗೆ ಹಾಕಿದ ಮೇಲೆ ಕೆನ್ನೆ ಕಡೆಯಿಂದ ಮತ್ತು ನಾಲಿಗೆ ಅಥವಾ ಅಂಗುಳದ ಕಡೆಯಿಂದ ಇನ್ನೊಂದು ಸಲ.

ಕನ್ನಡಕದ ವಿಷಯದಲ್ಲಿ ರಾಜಿ ಬೇಡ. ಬೆಳಕು ಕೊಡುವಾಗ ನಿಮಗೆ, ಡಾಕ್ಟರ್‌ಗೆ, ಕೋಣೆಯಲ್ಲಿರುವ ಎಲ್ಲರಿಗೂ ಆ ತರಂಗಾಂತರಕ್ಕೆ ಅಂತಲೇ ಮಾಡಿದ ಕನ್ನಡಕ ಇರಬೇಕು. ತಂಪು ಕನ್ನಡಕ ನಡೆಯುವುದಿಲ್ಲ. ತುದಿಯಲ್ಲಿ ಕಾಣುವ ಕೆಂಪು ಚುಕ್ಕೆ ಬರೀ ಗುರಿ ತೋರಿಸಲು, ನಿಜವಾದ ಅವಗೆಂಪು ಬೆಳಕು ಕಾಣುವುದೇ ಇಲ್ಲ. ಕಾಣದ ಬೆಳಕಿಗೆ ಕಣ್ಣು ರೆಪ್ಪೆ ಮುಚ್ಚುವುದಿಲ್ಲ. ಮಗುವನ್ನು ಕರೆದುಕೊಂಡು ಒಳಗೆ ಹೋಗಬೇಡಿ, ವಿಡಿಯೋ ಮಾಡುತ್ತೇನೆ ಅಂತ ಮಗನನ್ನು ಪಕ್ಕದಲ್ಲಿ ನಿಲ್ಲಿಸಿಕೊಳ್ಳಬೇಡಿ.

ಹಂತ 6: ಮೊದಲ ಎರಡು ವಾರ

ಎಲ್ಲ ಕೆಡುವುದು ಇಲ್ಲೇ.

ಊತ ಎರಡನೇ ಮೂರನೇ ದಿನ ಜಾಸ್ತಿ ಇರುತ್ತದೆ, ಆಮೇಲೆ ಇಳಿಯುತ್ತದೆ. ಮೊದಲ ದಿನ ಹೊರಗಿಂದ ಐಸ್ ಇಡಿ. 24 ಗಂಟೆ ಬಾಯಿ ಮುಕ್ಕಳಿಸಬೇಡಿ, ಉಗುಳಬೇಡಿ, ಎಳನೀರನ್ನು ಸ್ಟ್ರಾ ಹಾಕಿ ಹೀರಬೇಡಿ, ಲೋಟದಲ್ಲಿ ಕುಡಿಯಿರಿ. ಆಮೇಲೆ ಉಗುರುಬೆಚ್ಚಗಿನ ಉಪ್ಪು ನೀರನ್ನು ಬಾಯಲ್ಲಿ ಹಿಡಿದು ಸುಮ್ನೆ ಬಿಡಿ, ಗಳಗಳ ಮಾಡಬೇಡಿ. ಮೇಲ್ದವಡೆಯ ಹಿಂಭಾಗದಲ್ಲಿ ಸೈನಸ್, ಅಂದರೆ ಹಲ್ಲಿನ ಮೇಲೆ ಮೂಗಿನ ಪಕ್ಕ ಇರುವ ಗಾಳಿಗೂಡಿನ ಪೊರೆ, ಎತ್ತಿ ಗ್ರಾಫ್ಟ್ ಹಾಕಿದ್ದರೆ ಮೂಗು ಸೀಟಬೇಡಿ, ಸೀನು ಬಂದರೆ ಬಾಯಿ ತೆರೆದು ಸೀನಿ. ಕನ್ನಡಿ ಮುಂದೆ ನಿಂತು ತುಟಿ ಎಳೆದು ಎಳೆದು ನೋಡುವುದು ಹೊಲಿಗೆ ಬಿಚ್ಚಲು ಅತಿ ಸುಲಭದ ದಾರಿ.

ಊಟ: ರಾಗಿ ಗಂಜಿ, ಮೊಸರನ್ನ, ಇಡ್ಲಿ, ಚೆನ್ನಾಗಿ ಬೆಂದ ಬೇಳೆ, ಆರಿದ ಮೃದು ಮುದ್ದೆ. ಖಡಕ್ ರೊಟ್ಟಿ, ಶೇಂಗಾ ಬೇಡ. ಮಂಡಕ್ಕಿ ಮೆಣಸಿನಕಾಯಿ ಅಂತೂ ಬೇಡವೇ ಬೇಡ. ದಾವಣಗೆರೆಯಲ್ಲಿದ್ದುಕೊಂಡು ಇದು ಕ್ರೂರ ಅಂತ ಗೊತ್ತು. ಆದರೆ ಒಂದು ಮಂಡಕ್ಕಿ ಕಾಳು ಹೊಲಿಗೆ ಸಂದಿಯಲ್ಲಿ ಸಿಕ್ಕಿಕೊಂಡು ಊದಿಕೊಂಡರೆ ಸಾಕು. ಬೆಣ್ಣೆದೋಸೆಯ ಮಧ್ಯದ ಮೆತ್ತಗಿನ ಭಾಗವನ್ನು ಒಂದು ವಾರದ ಮೇಲೆ, ಇನ್ನೊಂದು ಕಡೆಯ ಹಲ್ಲಿನಲ್ಲಿ, ಚಟ್ನಿ ಖಾರ ಇಲ್ಲದೆ, ಆಗಲಿ.

ಗಾಯಕ್ಕೆ ಅರಿಸಿನ, ಲವಂಗದ ಎಣ್ಣೆ, ಕಡ್ಡಿಪುಡಿ ಏನನ್ನೂ ಒತ್ತಬೇಡಿ. ಬರೆದುಕೊಟ್ಟ ಮಾತ್ರೆ ಪೂರ್ತಿ ಮುಗಿಸಿ. ಕ್ಲೋರ್‌ಹೆಕ್ಸಿಡಿನ್ ಮೌತ್‌ವಾಶ್ ಕೊಟ್ಟಿದ್ದರೆ ಹೇಳಿದಷ್ಟೇ ದಿನ ಬಳಸಿ, ಜಾಸ್ತಿ ದಿನ ಆದರೆ ಹಲ್ಲಿಗೆ ಕಂದು ಕಲೆ ಕೂರುತ್ತದೆ.

ಬೆಳಕಿನ ಸಿಟ್ಟಿಂಗ್‌ಗಳು ಇದೇ ಎರಡು ವಾರದಲ್ಲಿ ಬರುತ್ತವೆ, ಸಾಮಾನ್ಯವಾಗಿ ದಿನ ಬಿಟ್ಟು ದಿನ ಅಥವಾ ವಾರಕ್ಕೆ ಎರಡು ಸಲ. ಒಂದೊಂದು ಸಲ ಕೆಲವೇ ನಿಮಿಷದ ಕೆಲಸ. ಎರಡು ತಿಂಗಳ ಮೇಲೆ "ಇನ್ನೊಂದು ಪ್ಯಾಕೇಜ್ ತಗೊಳ್ಳಿ" ಅಂದರೆ ಯಾಕೆ ಅಂತ ಕೇಳಿ, ಪ್ರಾಣಿಗಳಲ್ಲಿ ಲಾಭ ಹೆಚ್ಚು ಕಂಡದ್ದು ಶುರುವಿನ ಹಂತದಲ್ಲೇ. ಜಗಳೂರಿನಿಂದ, ಹಿರಿಯೂರಿನಿಂದ ಬರುವವರು ಹೊಲಿಗೆ ನೋಡುವ ದಿನಕ್ಕೇ ಬೆಳಕನ್ನೂ ಹೊಂದಿಸಲು ಹೇಳಿ. ದಿನಗೂಲಿ ಬಿಟ್ಟು, ಗಾಯದ ಬಾಯಲ್ಲಿ ಬಸ್ಸಿನ ಧೂಳು ಕುಡಿಯುತ್ತಾ ಮೂರು ನಿಮಿಷದ ಬೆಳಕಿಗೆ ಬರುವುದಾದರೆ ನನ್ನ ಪ್ರಕಾರ ಮನೆಯಲ್ಲಿ ಮಲಗುವುದೇ ಮೇಲು. ಆನ್‌ಲೈನ್‌ನಲ್ಲಿ ಸಿಗುವ ಕೆಂಪು ದೀಪದ ಟಾರ್ಚು, ಮುಖವಾಡ ತರಿಸಿ ಮನೆಯಲ್ಲೇ ಕೊಟ್ಟುಕೊಳ್ಳುವುದು ಬೇಡ, ಅದರ ಶಕ್ತಿ ಎಷ್ಟು ಅಂತ ಅಳೆದು ನೋಡಿದವರು ಯಾರು?

ಒಂದೆರಡು ರವೆಯಂಥ ಕಾಳು ಬಾಯಿಗೆ ಬಂದರೆ ಗಾಬರಿ ಬೇಡ. ಕಾಳು ಸುರಿಯುತ್ತಲೇ ಇದ್ದರೆ, ಕೀವು, ಕೆಟ್ಟ ರುಚಿ, ಜ್ವರ ಬಂದರೆ, ನಾಲ್ಕನೇ ದಿನದ ಮೇಲೂ ಊತ ಏರುತ್ತಿದ್ದರೆ ಅದೇ ದಿನ ಹೋಗಿ. ಮುಂದಿನ ಲೇಸರ್ ಸಿಟ್ಟಿಂಗ್‌ವರೆಗೆ ಕಾಯಬೇಡಿ, ಬೆಳಕು ಸೋಂಕು ವಾಸಿ ಮಾಡುವುದಿಲ್ಲ. ಹೊಲಿಗೆ 7ರಿಂದ 10 ದಿನಕ್ಕೆ ತೆಗೆಯುತ್ತಾರೆ, ದೊಡ್ಡ ಗ್ರಾಫ್ಟ್ ಆದರೆ ಎರಡು ವಾರ.

ಹಂತ 7: ಕಾಯುವುದು, ಎಕ್ಸ್‌ರೇ ನೋಡುವುದು

ಹಲ್ಲು ಕಿತ್ತ ಗುಂಡಿಗೆ ಹಾಕಿದ ಗ್ರಾಫ್ಟ್ ಆದರೆ 3ರಿಂದ 6 ತಿಂಗಳು, ಸೈನಸ್ ಎತ್ತಿದ್ದಾದರೆ 6ರಿಂದ 9 ತಿಂಗಳು. ಲೇಸರ್ ಕೊಟ್ಟಿದ್ದರೂ ಈ ಲೆಕ್ಕ ಬದಲಾಯಿಸಬೇಡಿ.

ಇಲ್ಲಿ ಒಂದು ದೊಡ್ಡ ತಪ್ಪು ತಿಳಿವಳಿಕೆ ಇದೆ. ಒಂದು ತಿಂಗಳಿಗೆ ಎಕ್ಸ್‌ರೇ ತೆಗೆದು "ನೋಡಿ, ಎಷ್ಟು ಬೆಳ್ಳಗೆ ಮೂಳೆ ತುಂಬಿದೆ, ಲೇಸರ್ ಪವರ್" ಅಂತ ತೋರಿಸಿದರೆ ನಂಬಬೇಡಿ. ದನದ ಮೂಳೆಯ ಕಾಳು, ಹೈಡ್ರಾಕ್ಸಿಅಪಟೈಟ್ ಕಾಳು ಹಾಕಿದ ದಿನವೇ ಎಕ್ಸ್‌ರೇಯಲ್ಲಿ ಬೆಳ್ಳಗೆ ಕಾಣುತ್ತವೆ. ಬಿಳುಪು ನಿಮ್ಮ ಮೂಳೆಯದ್ದಾ, ಪುಡಿಯದ್ದಾ ಅಂತ ಅದರಿಂದ ಹೇಳುವುದು ಕಷ್ಟ. ಹಾಗಾಗಿ ಆಪರೇಷನ್ ದಿನದ್ದೇ ಒಂದು ಎಕ್ಸ್‌ರೇ ಇಟ್ಟುಕೊಂಡು ತಿಂಗಳುಗಳ ಮೇಲೆ ಪಕ್ಕಪಕ್ಕ ಇಟ್ಟು ನೋಡಬೇಕು, ಕಾಳಿನ ಅಂಚು ಮಸುಕಾಗಿ ಸುತ್ತಲಿನ ಮೂಳೆಯ ಜೊತೆ ಬೆರೆತಿದೆಯಾ ಅಂತ. ಇಂಪ್ಲಾಂಟ್ ಹಾಕಲು ಕೊರೆಯುವಾಗ ಡಾಕ್ಟರ್ ಕೈಗೆ ಸಿಗುವ ಬಿಗಿ ಇನ್ನೂ ನಂಬಿಕೆಯ ಸಾಕ್ಷಿ. ಇಂಪ್ಲಾಂಟ್ ಹಾಕಿದ ಮೇಲೆ ಅದು ಎಷ್ಟು ಗಟ್ಟಿ ಕೂತಿದೆ ಅಂತ ಅಳೆಯುವ ಸಾಧನವಿದೆ, 1ರಿಂದ 100ರ ಒಳಗೆ ಐಎಸ್‌ಕ್ಯು ಎಂಬ ಸಂಖ್ಯೆ ಕೊಡುತ್ತದೆ, 70 ದಾಟಿದರೆ ಚೆನ್ನಾಗಿ ಕೂತಿದೆ ಅಂತ. ಆ ಸಂಖ್ಯೆಯನ್ನೂ ಫೈಲ್‌ನಲ್ಲಿ ಬರೆಸಿಕೊಳ್ಳಿ.

ಕಾಲು, ಕೈ ಮೂಳೆಗೆ ಇದೇ ಬೆಳಕು ಕೊಡಬಹುದಾ?

ಇದನ್ನೂ ತುಂಬಾ ಜನ ಕೇಳುತ್ತಾರೆ: "ಅಪ್ಪಾಜಿ ಬೈಕಿನಿಂದ ಬಿದ್ದು ರಾಡ್ ಹಾಕಿದ್ದಾರೆ, ಮೂಳೆ ಕೂಡಿಲ್ಲ, ಸೊಂಟದಿಂದ ತೆಗೆದು ಹಾಕಬೇಕು ಅಂದಿದ್ದಾರೆ, ಲೇಸರ್ ಕೊಡಿಸೋಣವಾ?" ದವಡೆಯ ಮೂಳೆ ವಸಡಿನ ಕೆಳಗೇ ಇದೆ, ಬೆಳಕಿಗೆ ಸಿಗುತ್ತದೆ. ತೊಡೆ ಮೂಳೆ ದಪ್ಪ ಮಾಂಸದ ಒಳಗಿದೆ, ಅಲ್ಲಿಗೆ ಮುಟ್ಟುವ ಹೊತ್ತಿಗೆ ಬೆಳಕು ಹೆಚ್ಚೇನೂ ಉಳಿದಿರುವುದಿಲ್ಲ. ಮೂಳೆ ಕೂಡದಿರುವುದಕ್ಕೆ ಕಾರಣ ಸಾಮಾನ್ಯವಾಗಿ ಸೋಂಕು, ಮುರಿದ ತುದಿಗಳ ಅಲುಗಾಟ, ರಕ್ತದ ಕೊರತೆ, ತಂಬಾಕು, ಶುಗರ್ ಇವುಗಳಲ್ಲಿ ಯಾವುದೋ ಒಂದು. ಅದನ್ನು ಹುಡುಕುವುದು ಮೂಳೆ ಡಾಕ್ಟರ್ ಕೆಲಸ. ಫಿಸಿಯೋಥೆರಪಿಯಲ್ಲಿ ಕೊಡುವ ಕೆಂಪು ಶಾಖದ ದೀಪ ಬೇರೆ, ಮೂಳೆಗೆ ಅಂತ ಇರುವ ಅಲ್ಟ್ರಾಸೌಂಡ್ ಯಂತ್ರ ಬೇರೆ, ಈ ಲೇಸರ್ ಬೇರೆ. ಹೆಸರು ಬರೆಸಿಕೊಂಡು ಬಂದರೆ ಯಾವುದು ಅಂತ ಹೇಳಬಹುದು. ಒಳಗೆ ಪ್ಲೇಟು, ರಾಡು, ಗ್ರಾಫ್ಟ್ ಇರುವ ಕಾಲನ್ನು ನಾಟಿ ಕಟ್ಟು ಹಾಕುವವರ ಹತ್ತಿರ ಒಯ್ದು ಎಣ್ಣೆ ಹಾಕಿ ಉಜ್ಜಿಸಬೇಡಿ. ಎರಡನೇ ಅಭಿಪ್ರಾಯ ಬೇಕು ಅನ್ನಿಸಿದರೆ ಹಳೆಯ ಎಲ್ಲ ಎಕ್ಸ್‌ರೇಗಳನ್ನು ತಾರೀಖಿನ ಪ್ರಕಾರ ಜೋಡಿಸಿಕೊಂಡು, ಡಿಸ್ಚಾರ್ಜ್ ಚೀಟಿ ಜೊತೆ ಇನ್ನೊಬ್ಬ ಮೂಳೆ ತಜ್ಞರ ಹತ್ತಿರ ಹೋಗಿ.